ಮಾರೆಮ್ಮನ ಒಣ ಮಾಳಿಗೆ

೧೯೮೨ನೇ ಇಸವಿ ಏಪ್ರಿಲ್ ಹದಿನೇಳು, ಶನಿವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾರೆಮ್ಮ ತನ್ನ ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಹುಲ್ಲಿನ ಬೇರು ಕೀಳುತ್ತಿದ್ದಳು. ವೇಳೆಯಲ್ಲಿ ತಪ್ಪಿಲ್ಲ. ದೇವದುರ್ಗದಿಂದ ರಾಯಚೂರಿಗೆ ಹೋಗುವ ಮೊದಲ ಬಸ್ಸು ಆಗಷ್ಟೇ ಹಾರ್ನ್ ಹೊಡೆದಿತ್ತು. ಆ ಚಾಲಕ ತಡವಾಗಿ ಹೊರಟದ್ದನ್ನು ನಾನು ನಾಲ್ಕು ವರ್ಷದಲ್ಲಿ ಎರಡೇ ಸಲ ಕಂಡಿದ್ದೆ.

ನಾನು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ನಮ್ಮ ಎರಡು ಮಾಳಿಗೆಗಳ ನಡುವೆ ಮೊಳಕಾಲೆತ್ತರದ ಕುಂಬಿ ಗೋಡೆ ಮಾತ್ರ. ನಾನು ಹಲ್ಲುಜ್ಜುತ್ತ ಅಲ್ಲಿ ನಿಂತಾಗ ಆಕೆ ಒಂದು ಬೇರನ್ನು ಮಣ್ಣು ಸಮೇತ ಎತ್ತಿ ತೋರಿಸಿದಳು.

"ನೋಡ್ರಿ ಮಾಸ್ತರ. ಗೇಣುದ್ದ ಇಳದದ. ಮ್ಯಾಲ ಒಣಗೇದ, ಒಳಗ ಇನ್ನಾ ಹಸಿ."

"ಪ್ರತಿ ವರ್ಷ ಕೀಳ್ತೀರಿ, ಪ್ರತಿ ವರ್ಷ ಬರ್ತದ."

"ಬರ್ತದ. ನಾನs ಬಿತ್ತಿದ್ದಲ್ಲೇನ್ರಿ, ಬರದs ಏನ್ ಮಾಡ್ತದ?"

ಹಿಂದಿನ ಸಂಜೆ ಮಾನ್ವಿಯಿಂದ ಬಂದ ಬಳೆಗಾರ ಒಂದು ಸುದ್ದಿ ತಂದಿದ್ದ. ಮಾರೆಮ್ಮನ ಒಬ್ಬಳೇ ಮಗಳು ಯಮನಮ್ಮನಿಗೆ ಮತ್ತೆ ಐದು ತಿಂಗಳು. ಆ ಸುದ್ದಿ ಕೇಳಿಯೇ ಆಕೆ ಮಳೆಗಾಲಕ್ಕೆ ಎರಡು ತಿಂಗಳಿರುವಾಗ ಮಾಳಿಗೆ ಹತ್ತಿದ್ದಳು.

ನಮ್ಮ ಕಡೆಯ ಹಳೆಯ ಮನೆಗಳ ಮಾಳಿಗೆ ಹೇಗಿರುತ್ತದೆಂದು ತಿಳಿದವರಿಗೆ ಹೇಳಬೇಕಿಲ್ಲ. ತಿಳಿಯದವರಿಗೆ: ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಅದರ ಮೇಲೆ ಒಂದು ಗೇಣು ಮಣ್ಣು. ಎಲ್ಲಕ್ಕೂ ಮೇಲೆ ನಾಲ್ಕು ಬೆರಳು ಸವುಳು ಮಣ್ಣು. ಹೊಲದಲ್ಲಿ ಯಾವ ಬೆಳೆಯೂ ಬಾರದ ಬಿಳಿ ಮಣ್ಣದು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದರೆ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಹರಡಿ, ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನಾನು ಒಮ್ಮೆ ಶಾಲೆಯಲ್ಲಿ ಗಾಜಿನ ಆಲಿಕೆಗೆ ಈ ಮಣ್ಣು ತುಂಬಿ ಮೇಲೆ ನೀರು ಹೊಯ್ದೆ. ಮರುದಿನ ಪ್ರಾರ್ಥನೆಯ ಹೊತ್ತಿಗೂ ಕೆಳಗೆ ಒಂದು ಹನಿ ಬಿದ್ದಿರಲಿಲ್ಲ. ಬೆಳೆಗೆ ಬೇಡವಾದ ಮಣ್ಣು ಮನೆಗೆ ಬೇಕು.

ಮಾರೆಮ್ಮನದು ಕುರಿ ಕಾಯುವ ಮನೆತನ. ಗಂಡ ಹನುಮಂತ್ರಾಯ ವರ್ಷದಲ್ಲಿ ಏಳು ತಿಂಗಳು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಆಕೆ ಮನೆಯಲ್ಲಿ ಉಣ್ಣೆ ನೂಲುತ್ತಿದ್ದಳು. ಕುರಿಯಿಂದ ಬಂದದ್ದು ಯಾವುದೂ ಕೆಟ್ಟದ್ದಲ್ಲ ಎಂಬುದು ಆ ಮನೆಯ ನಂಬಿಕೆ. ಹೊಲಕ್ಕೆ ಹಿಕ್ಕೆ, ನೆಲ ಸಾರಿಸಲು ಹಿಕ್ಕೆ, ಗೋಡೆಗೆ ಮೆತ್ತುವ ಮಣ್ಣಿಗೂ ಹಿಕ್ಕೆ. ೧೯೭೯ರ ಮೇ ತಿಂಗಳಲ್ಲಿ, ಮಗಳ ಚೊಚ್ಚಲ ಹೆರಿಗೆಗೆಂದು ಮಾಳಿಗೆಯ ಮಣ್ಣು ಹೊಸದಾಗಿ ಹಾಕಿಸುವಾಗ ಆಕೆ ಗೌಂಡಿ ಮುದುಕಪ್ಪನಿಗೆ ಹೇಳಿದಳು: ಸವುಳಿನಲ್ಲಿ ನಾಲ್ಕು ಬುಟ್ಟಿ ಕುರಿ ಹಿಕ್ಕೆ ಕಲಸು, ಗಟ್ಟಿ ಆಗುತ್ತದೆ. ಮುದುಕಪ್ಪ "ಹೂಂ ಯವ್ವಾ" ಅಂದ. ಕಲಸಿದ.

ಕುರಿಯ ಹೊಟ್ಟೆಯಲ್ಲಿ ಹುಲ್ಲು ಅರಗುತ್ತದೆ, ಹುಲ್ಲಿನ ಬೀಜ ಎಲ್ಲವೂ ಅರಗುವುದಿಲ್ಲ. ಹಿಕ್ಕೆ ಸವುಳನ್ನು ಸಡಿಲ ಮಾಡಿತು, ಬೀಜಕ್ಕೆ ಗೊಬ್ಬರವೂ ಆಯಿತು. ಆ ಆಷಾಢದಲ್ಲಿ ದೇವದುರ್ಗದಲ್ಲೆಲ್ಲ ಹಸಿರಾದ ಮಾಳಿಗೆ ಅದೊಂದೇ. ಯಮನಮ್ಮ ತುಂಬಿದ ಬಸುರಿಯಾಗಿ ಅಂಗಳದಲ್ಲಿ ನಿಂತು ನಕ್ಕಿದ್ದನ್ನು ನಾನೂ ನೋಡಿದ್ದೆ. "ಯವ್ವಾ, ಅಪ್ಪಗ ಹೇಳಿ ಕಳಸು. ಕುರಿ ಊರಾಚೆ ಯಾಕ, ಮನಿ ಮ್ಯಾಲ ಮೇಯ್ಲಿ."

ಶ್ರಾವಣದಲ್ಲಿ ಗಂಡು ಮಗು ಹುಟ್ಟಿತು. ಬೇರುಗಳು ಇಳಿದಲ್ಲೆಲ್ಲ ನೀರೂ ಇಳಿಯಿತು. ಬಾಣಂತಿಯ ಕೋಣೆಯಲ್ಲಿ ಕೊಡ, ತಪ್ಪಲೆ, ಮಗುವಿಗೆ ನೀರೆರೆಯುವ ಬೋಗುಣಿ, ಎಲ್ಲ ಸೋರುವ ಜಾಗಕ್ಕೆ ಬಂದು ಕುಳಿತವು. ಇಪ್ಪತ್ಮೂರನೆಯ ದಿನ ಮಾನ್ವಿಯಿಂದ ಅತ್ತೆ ತಿಮ್ಮವ್ವ ಮೊಮ್ಮಗನನ್ನು ನೋಡಲು ಬಂದಳು. ಬಾಗಿಲಲ್ಲೇ ನಿಂತು ಕೋಣೆಯನ್ನು ಒಂದು ಸುತ್ತು ನೋಡಿದಳು.

"ಎಷ್ಟು ಕಡಿ ಸೋರ್ತದ, ಬೀಗತಿ?"

ಬೇರೆ ಯಾರಾದರೂ ಒಂದೆರಡು ಕಡೆ ಎಂದು ಮಾತು ತೇಲಿಸುತ್ತಿದ್ದರು. ಮಾರೆಮ್ಮನಿಗೆ ಅದು ಬರಲಿಲ್ಲ. "ಹದಿನಾಕು ಕಡಿ ಅಕ್ಕಾ," ಅಂದಳು.

"ಇದು ಬಾಣಂತಿ ಕ್ವಾಣಿ ಏನು, ತೊಯ್ದ ಕುರಿ ದಡ್ಡಿ ಏನು? ಏಳು ಯಮನಿ, ಕೂಸಿನ್ನ ಕಂಬಳ್ಯಾಗ ಸುತ್ತು." ಹೋಗುವಾಗ ತಿಮ್ಮವ್ವ ಇಷ್ಟು ಹೇಳಿದಳು: "ನಿನ್ನ ಮಾಳಿಗಿ ಒಣಗಿದ ದಿನ ಕಳಸ್ತೀನಿ. ನಾನೂ ಹಡದಾಕಿ, ಸುಳ್ಳು ಹೇಳಂಗಿಲ್ಲ."

ತಿಮ್ಮವ್ವ ಕೆಟ್ಟವಳಲ್ಲ. ಆ ಕೋಣೆಯನ್ನು ನಾನೂ ನೋಡಿದ್ದೆ. ಆಕೆಯ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಅಂದಿನಿಂದ ಮೂರು ವರ್ಷ ಯಮನಮ್ಮ ತವರಿನಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಹಬ್ಬಕ್ಕೆ ಬಂದರೆ ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ಬಾಣಂತನದ ಉಳಿದ ದಿನಗಳನ್ನು ಯಾರೋ ತನ್ನ ಕೈಯಿಂದ ಕಿತ್ತುಕೊಂಡರು ಎಂದು ಮಾರೆಮ್ಮ ಎಂದೂ ಹೇಳಲಿಲ್ಲ. ತೊಟ್ಟಿಲು ಕಟ್ಟಿದ್ದ ಕಬ್ಬಿಣದ ಕೊಂಡಿಯನ್ನು ತೊಲೆಯಿಂದ ತೆಗೆಯಲಿಲ್ಲ, ಅಷ್ಟೇ. ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಸವರುತ್ತಿದ್ದಳು.

ಈಗ ಎರಡನೆಯದು ಶ್ರಾವಣಕ್ಕೇ ಬರುತ್ತಿತ್ತು. ಅದಕ್ಕೆ ಮೊದಲು ಮಾಳಿಗೆ ಒಣಗಬೇಕು. ಗಂಡ ಕುರಿಗಳೊಂದಿಗೆ ದೂರದಲ್ಲಿದ್ದ. ಗೌಂಡಿಯನ್ನು ಆಕೆಯೇ ಆರಿಸಬೇಕಿತ್ತು.

ಮೊದಲ ಎರಡು ವಾರ ಆಕೆ ಎಲ್ಲರೂ ಮಾಡುವುದನ್ನೇ ಮಾಡಿದಳು. ಯಾವ ಗೌಂಡಿ ಹೇಗೆ ಎಂದು ಕೇಳುತ್ತ ಮನೆಮನೆ ತಿರುಗಿದಳು. ಎಲ್ಲರೂ ಎಲ್ಲರನ್ನೂ ಹೊಗಳಿದರು. ಒಂದು ಸಂಜೆ ನೂಲುವ ಕದಿರು ನಿಲ್ಲಿಸಿ ನನಗೆ ಹೇಳಿದಳು: "ಮಾಸ್ತರ, ಇದರಾಗ ಒಂದು ಮೋಸ ಅದ. ಗೌಂಡಿ ನಮಗ ತೋರಸೋದು ತಾ ಚೊಲೋ ಮಾಡಿದ ಮನಿ. ಕೆಡಿಸಿದ ಮನಿ ದಾರಿ ಹೇಳ್ತಾನೇನ್ರಿ?"

"ಇಲ್ಲ."

"ಮತ್ತ ಮುದುಕಪ್ಪ ಕೆಟ್ಟ ಗೌಂಡಿ ಅಲ್ಲ. ಅವನ ಕೈ ಚೊಲೋ ಅದ. ನಾ ತಪ್ಪು ಹೇಳಿದೆ, ಅಂವ ಹೂಂ ಅಂದ. ಅಷ್ಟs." ಕದಿರನ್ನು ಮತ್ತೆ ತಿರುಗಿಸುತ್ತ ಅಂದಳು: "ನನಗ ಹೂಂ ಅನ್ನಾಂವ ಬ್ಯಾಡ. ಈ ಸಲಾನೂ ಅದನ್ನs ಹೇಳ್ತೀನಿ. ಹಿಕ್ಕಿ ಕಲಸ್ರಿ ಅಂತೀನಿ. ಯಾರು ಏನಂತಾರ ನೋಡೂಣು."

ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಉಪಕರಣಕ್ಕೆ ಕೊಟ್ಟು ಉಪಕರಣವನ್ನು ಪರೀಕ್ಷಿಸುತ್ತೇವೆ. ಆಕೆಗೆ ಇದನ್ನು ಯಾರೂ ಕಲಿಸಿರಲಿಲ್ಲ.

ರಾಯಚೂರಿನಲ್ಲಿ ಒಂದು ಕಟ್ಟಡ ಕಂಪನಿ ಹೊಸದಾಗಿ ಬಾಗಿಲು ತೆರೆದಿತ್ತು. ನನಗೆ ಖಜಾನೆ ಕಚೇರಿಯಲ್ಲಿ ಕೆಲಸವಿದ್ದ ದಿನ ಆಕೆಯೂ ಬಂದಳು, ಕಾಗದ ಓದಿ ಹೇಳಲು ನಾನು ಬೇಕಿತ್ತು. ಫ್ಯಾನಿನ ಕೆಳಗೆ ದೊಡ್ಡ ಟೇಬಲ್ಲು, ಗಾಜಿನಡಿ ಬಣ್ಣದ ಮನೆಗಳ ಚಿತ್ರಗಳು. ಕುರ್ಚಿಯಲ್ಲಿದ್ದವನು ತುಂಬ ಮರ್ಯಾದೆಯಿಂದ ಮಾತಾಡಿದ. ಅಚ್ಚು ಹಾಕಿಸಿದ ಖಾತ್ರಿ ಪತ್ರ ತೆಗೆದ. ಇಪ್ಪತ್ತು ವರ್ಷ ಸೋರುವುದಿಲ್ಲ, ಕೆಳಗೆ ರಬ್ಬರ್ ಮೊಹರು. ಹನ್ನೊಂದು ಷರತ್ತುಗಳಿದ್ದವು, ಆರನೆಯದು, ಗೋಡೆ ಕದಲಿದರೆ ಕಂಪನಿ ಹೊಣೆಯಲ್ಲ. ಮಣ್ಣಿನ ಗೋಡೆ ಪ್ರತಿ ಮಳೆಗಾಲಕ್ಕೂ ಕೂದಲೆಳೆಯಷ್ಟು ಕದಲುತ್ತದೆ. ನಾನು ಅದನ್ನು ಓದಿ ಹೇಳುವ ಮೊದಲೇ ಮಾರೆಮ್ಮ ಕೇಳಿದಳು:

"ಸಾಹೇಬ್ರ, ಸವುಳಿನಾಗ ಕುರಿ ಹಿಕ್ಕಿ ಕಲಸಬೇಕಾಗ್ತದ. ನಮ್ಮ ಮನಿ ಪದ್ಧತಿ."

"ಅದಕ್ಕೇನ್ರಿ ಅಮ್ಮಾ, ನಿಮ್ಮ ಮನಿ, ನಿಮ್ಮ ಇಷ್ಟ. ಧಾರಾಳ ಕಲಸೋಣ."

ಆಕೆ ಸೆರಗು ಹೊದ್ದು ಎದ್ದುಬಿಟ್ಟಳು. ಹೊರಗೆ ಬಂದ ಮೇಲೆ, "ಕುರ್ಚಿ ಭಾಳ ಮೆತ್ತಗಿತ್ತರಿ. ಮಾತೂ ಹಂಗs," ಅಂದಳು.

ಮುಂದಿನ ವಾರ ಮಾನ್ವಿಗೆ ಹೋದಳು. ಅಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಗೌಂಡಿ ತಂಡವೊಂದು ಹೆಸರುವಾಸಿ ಎಂದು ನನಗೆ ಹೇಳಿದಳು. ಗೌಂಡಿಗಳು ದೇವದುರ್ಗದಲ್ಲೇ ಒಂಬತ್ತು ಮಂದಿ ಇದ್ದರು, ಅದು ನನಗೂ ಗೊತ್ತು, ಆಕೆಗೂ ಗೊತ್ತು. ಅಣ್ಣತಮ್ಮಂದಿರಲ್ಲಿ ಹಿರಿಯನು, "ಎರಡು ಬುಟ್ಟಿ ಸಾಕಾ, ನಾಕು ಹಾಕೂಣಾ?" ಎಂದನಂತೆ. ಆ ಕೆಲಸ ಅಷ್ಟಕ್ಕೇ ಮುಗಿದಿತ್ತು. ಮಗಳ ಮನೆ ಅಲ್ಲಿಂದ ಎರಡು ಓಣಿ ಆಚೆ.

ತಿಮ್ಮವ್ವ ನೀರು ಕೊಟ್ಟಳು, ಚಹಾ ಕಾಸಿದಳು, ಎದುರಿಗೇ ಕುಳಿತಳು. ಮುಂದಿನ ಬಸ್ಸಿಗೆ ಅರ್ಧ ಗಂಟೆಯಿತ್ತು. ಮಗಳನ್ನು ಮುಟ್ಟಿ ನೋಡಲೂ ಮಾರೆಮ್ಮನಿಗೆ ಸಂಕೋಚವಾಯಿತು. ಮೂರು ವರ್ಷದ ಮೊಮ್ಮಗ ಅಜ್ಜಿಯನ್ನು ಗುರುತು ಹಿಡಿಯದೆ ತಾಯಿಯ ಹಿಂದೆ ಅಡಗಿದ. ಯಮನಮ್ಮ ಮೆಲ್ಲಗೆ ಅಂದಳು: "ಯವ್ವಾ, ಈ ಸಲ ಬರ್ತೀನಿ. ನನ್ನ ಕ್ವಾಣಿ ಒಣಾ ಇಟ್ಟಿರು."

"ಒಣಗಲಿ, ನಾನs ಬಂದು ಬಿಟ್ಟು ಹೋಗ್ತೀನಿ," ಅಂದಳು ತಿಮ್ಮವ್ವ. "ಒಂದು ತಿಂಗಳು ಮುಂಚೆ, ಎರಡು ತಿಂಗಳು ಆಮ್ಯಾಗ. ನನ್ನ ಮಾತಂದ್ರ ಮಾತು."

ಆ ರಾತ್ರಿ ಮಾರೆಮ್ಮ ಊಟ ಮಾಡಲಿಲ್ಲವೆಂದು ಮರುದಿನ ನನ್ನ ಹೆಂಡತಿ ಹೇಳಿದಳು. ದುಃಖಕ್ಕಲ್ಲವಂತೆ. ಹೊಟ್ಟೆ ತುಂಬಿದೆ ಅಂದಳಂತೆ.

ಪೀರಾ ಸಾಬ್ ಇದ್ದದ್ದು ನಮ್ಮದೇ ಓಣಿಯ ಕೊನೆಯಲ್ಲಿ. ಅರವತ್ತು ದಾಟಿದ ಗೌಂಡಿ. ಅವನ ಬಾಯಿಗೆ ಹೆದರಿ ಜನ ಅವನನ್ನು ಕರೆಯುವುದು ಕಡಿಮೆ. ಮಾರೆಮ್ಮನೂ ಅದಕ್ಕೇ ಅವನನ್ನು ಕೊನೆಗೆ ಇಟ್ಟಿದ್ದಳು. ಮೇ ಹನ್ನೆರಡರ ಸಂಜೆ ಅವನು ನಮ್ಮ ಕಟ್ಟೆಯ ಮುಂದೆ ಹಾದು ಹೋಗುವಾಗ ಕರೆದಳು.

"ಕಾಕಾ, ಮಾಳಿಗಿ ಹಾಕಬೇಕಾಗೇದ."

"ಹಾಕೂಣು."

"ಸವುಳಿನಾಗ ಕುರಿ ಹಿಕ್ಕಿ ಕಲಸಬೇಕು."

ಪೀರಾ ಸಾಬ್ ಬೀಡಿ ಬಾಯಿಂದ ತೆಗೆದ. ನನ್ನ ಕಡೆ ತಿರುಗಿದ. "ಮಾಸ್ತರ್ ಸಾಬ್, ಈಕಿಗೆ ಏನರ ಆಗೇದೇನ್ರಿ? ಹೋದ ಸಲ ಊರ ಮಂದಿ ನೋಡಿ ನಕ್ಕಿದ್ದು ಸಾಲಲಿಲ್ಲೇನು? ಹಿಕ್ಕಿ ಹಾಕು, ಮ್ಯಾಲ ಜ್ವಾಳಾ ಬಿತ್ತು, ಸುಗ್ಗಿಗೆ ನನಗೂ ಒಂದು ಚೀಲ ಕಳಸು. ನಾ ಗೌಂಡಿ ಅವ್ವಾ, ಒಕ್ಕಲಿಗ ಅಲ್ಲ. ಬ್ಯಾರೆ ಯಾರನ್ನರ ನೋಡಿಕೋ." ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದ. "ಯಾರರ ಹೂಂ ಅಂದ್ರ ಅವನ ಕಡಿಂದ ಕೆಲಸ ಮಾಡಿಸಬ್ಯಾಡ. ಅಂವ ನಿನ್ನ ಮನಿ ಕೆಡಿಸ್ತಾನ."

ಮಾರೆಮ್ಮ ನಕ್ಕಳು. ಆಕೆ ಅಷ್ಟು ನಕ್ಕದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. "ನೀನs ಮಾಡು ಕಾಕಾ. ಎಂದಿನಿಂದ ಬರ್ತಿ?"

ಪೀರಾ ಸಾಬನಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವನು ಕಟ್ಟೆಯ ಮೇಲೆ ಕುಳಿತು, ಆರಿದ ಬೀಡಿಯನ್ನು ಮತ್ತೆ ಹಚ್ಚಿದ. "ಖಾತ್ರಿ ಗೀತ್ರಿ ನಾ ಕೊಡಂಗಿಲ್ಲ. ಮಣ್ಣು ಮಣ್ಣs. ವರ್ಷಾ ಮಿರಗದ ಮಳಿ ಮುಂಚೆ ಬಂದು ಮ್ಯಾಲ ಒಂದು ಬೆರಳು ಸವುಳು ಹಾಕ್ತೀನಿ, ಕರಿಯದಿದ್ದ್ರೂ ಬರ್ತೀನಿ. ನಿನಗ ಎಷ್ಟು ದಿನ ಸೋರಬಾರದು, ಅದನ್ನ ಹೇಳು. ಖರೇ ಹೇಳು."

ರಾಯಚೂರಿನಲ್ಲಿ ಇಪ್ಪತ್ತು ವರ್ಷ ಪುಕ್ಕಟೆ ಸಿಕ್ಕಿತ್ತು. ಆಕೆ ಬೆರಳು ಮಡಚಿ ಎಣಿಸಿದಳು. ಹೆರಿಗೆಗೆ ಮುಂಚೆ ಒಂದು ತಿಂಗಳು, ಆಮೇಲೆ ಎರಡು.

"ತೊಂಬತ್ತು ದಿನ," ಅಂದಳು.

"ಬರೇ ತೊಂಬತ್ತಾ?"

"ಆ ತೊಂಬತ್ತು ಸೋರಬಾರದು."

ಕೆಲಸ ಹದಿನೆಂಟು ದಿನ ನಡೆಯಿತು. ಹಳೆಯ ಮಣ್ಣನ್ನೆಲ್ಲ ಇಳಿಸಿ ಜಂತಿಯವರೆಗೆ ಬರಿದು ಮಾಡಿದರು. ಮೂರು ಜಂತಿ ಬದಲಾದವು. ತೊಟ್ಟಿಲ ಕೊಂಡಿ ತೆಗೆಯಲೇ ಎಂದು ಕೇಳಿದವನಿಗೆ ಮಾರೆಮ್ಮ ಬೇಡವೆಂದಳು. ಸವುಳು ತರಲು ಪೀರಾ ಸಾಬ್ ತಾನೇ ಹಳ್ಳದ ಪಕ್ಕದ ಬೀಳು ನೆಲಕ್ಕೆ ಹೋದ. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಪ್ಪು ನೋಡಿ, ಉಗುಳಿ, ತುಂಬಿದ ಎರಡು ಗಾಡಿ ಅಲ್ಲೇ ಸುರಿಸಿದ, ಮೂರನೆಯದನ್ನು ಒಪ್ಪಿದ. ಐದು ಮಂದಿ ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಯಿಂದ ಮಣ್ಣು ಬಡಿದರು. ಕಡೆಯ ದಿನ ಅವನು ಹತ್ತು ಕೊಡ ನೀರು ಮಾಳಿಗೆಯ ಮೇಲೆ ಹೊಯ್ಯಿಸಿ, ಕೆಳಗೆ ಕೋಣೆಯಲ್ಲಿ ಜಂತಿಯ ಕಡೆ ಮುಖ ಮಾಡಿ ಮಲಗಿ ಒಂದು ನಿದ್ದೆ ತೆಗೆದ. ಮುಖದ ಮೇಲೆ ಹನಿ ಬಿದ್ದರೆ ಎಚ್ಚರಾಗುತ್ತದೆ, ಅದೇ ಪರೀಕ್ಷೆ. ಒಂದೂವರೆ ತಾಸು ಮಲಗಿದ.

ಜೂನ್ ಏಳಕ್ಕೆ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಬಂತು. ಕೋಣೆ ಒಣಗಿಯೇ ಇತ್ತು. ಮಾರೆಮ್ಮ ಬಾಣಂತಿಯ ನೀರು ಕಾಸಲೆಂದು ಸಗಣಿ ಕುಳ್ಳು ಒಟ್ಟಿದಳು, ಖಾರಕ್ಕೆ ಶುಂಠಿ, ಅಜಿವಾನ ತಂದಿಟ್ಟಳು, ಎಳೆ ಕುರಿಯ ಉಣ್ಣೆಯಿಂದ ಎರಡು ಮೊಳದ ಕಂಬಳಿ ನೇಯಿಸಿದಳು. ಮಾನ್ವಿಗೆ ಸುದ್ದಿ ಕಳಿಸಿದಳು: ಒಣಗಿದೆ.

ಉತ್ತರವಾಗಿ ಜುಲೈ ಮೂರರಂದು ಅಳಿಯ ತಾಯಪ್ಪನೇ ಬಂದ. ಹೊಸ ಪ್ಯಾಂಟು ಹಾಕಿದ್ದ. ಶಕ್ತಿನಗರದಲ್ಲಿ ಕರೆಂಟು ತಯಾರಿಸುವ ಕಾರ್ಖಾನೆ ಕಟ್ಟುತ್ತಿದ್ದರು. ಅಲ್ಲಿ ಅವನಿಗೆ ವೆಲ್ಡಿಂಗ್ ಕೆಲಸ ಸಿಕ್ಕಿತ್ತು, ಇರಲು ಸಿಮೆಂಟು ಮಾಳಿಗೆಯ ಒಂದು ಖೋಲಿಯೂ ಸಿಕ್ಕಿತ್ತು, ಯಮನಮ್ಮನೂ ಈಗ ಅಲ್ಲೇ ಇದ್ದಳು. ರಾಯಚೂರಿನ ದೊಡ್ಡ ಆಸ್ಪತ್ರೆ ಹತ್ತಿರ. ಯಮನಮ್ಮನಿಗೆ ಕಾಲು ಬಾತಿವೆ, ದೂರದ ಬಸ್ಸು ಬೇಡವೆಂದು ಡಾಕ್ಟರು ಹೇಳಿದ್ದಾರೆ.

"ಸಿಟ್ಟಾಗಬ್ಯಾಡ ಅತ್ತಿ," ಅಂದ. "ನಮ್ಮವ್ವ ಈ ಸಲ ಕಳಸಾಕ ತಯಾರಿದ್ಲು. ಖರೇನs."

"ನನಗ್ಯಾಕ ಸಿಟ್ಟಪ್ಪಾ? ಡಾಕ್ಟರು ತಿಳಿದು ಹೇಳಿರ್ತಾರ," ಅಂದಳು ಮಾರೆಮ್ಮ. ಆಮೇಲೆ, "ಒಳಗ ಬಾ, ಕ್ವಾಣಿ ಒಂದಿಷ್ಟು ನೋಡು," ಎಂದು ಅವನನ್ನು ಕರೆದುಕೊಂಡು ಹೋಗಿ ಜಂತಿಗಳನ್ನೆಲ್ಲ ತೋರಿಸಿದಳು. ತಾಯಪ್ಪ ತಲೆಯೆತ್ತಿ ನೋಡಿ, ಚಲೋ ಆಗೇದ ಅತ್ತಿ, ಭಾಳ ಚಲೋ ಆಗೇದ ಅಂದ.

ಆಗಸ್ಟಿನಲ್ಲಿ ರಾಯಚೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮಾರೆಮ್ಮ ಹೋಗಿ ನಾಲ್ಕು ದಿನ ವರಾಂಡದಲ್ಲಿದ್ದು ಬಂದಳು. ಕಂಬಳಿ ಕೊಟ್ಟು ಬಂದಳು. ಆ ಮಳೆಗಾಲದಲ್ಲಿ ಮಳೆ ಬಂದಾಗಲೆಲ್ಲ ಆಕೆ ನೂಲುವುದನ್ನು ಬಿಟ್ಟು ಆ ಕೋಣೆಯಲ್ಲಿ ಹೋಗಿ ಕೂಡುತ್ತಿದ್ದಳು. ಮಳೆ ನಿಂತ ಮೇಲೆ ಹೊರಗೆ ಬಂದು, ನಾನು ಕೇಳದಿದ್ದರೂ, "ಇಲ್ಲರಿ, ಒಂದು ಹನೀನೂ ಇಲ್ಲ," ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಯಮನಮ್ಮ ಎರಡೂ ಮಕ್ಕಳೊಂದಿಗೆ ಬಂದಳು, ಒಂಬತ್ತು ದಿನಕ್ಕೆ. ತೊಟ್ಟಿಲು ಕೊಂಡಿಗೆ ಏರಿತು. ಎಂಟು ದಿನ ಆಕಾಶದಲ್ಲಿ ಮೋಡವೇ ಇರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಎರಡೂವರೆಗೆ ಒಮ್ಮೆಲೇ ಕತ್ತಲಾಗಿ ಮಳೆ ಸುರಿಯಿತು. ನಾನು ಕೊಡೆ ಮರಳಿಸಲೆಂದು ಅವರ ಪಡಸಾಲೆಯಲ್ಲಿ ನಿಂತಿದ್ದೆ. ಮಲಗಿದ್ದ ಯಮನಮ್ಮ ತಟ್ಟನೆ ಎದ್ದಳು. ಯಾರೂ ಹೇಳದೆ, ಯೋಚಿಸದೆ, ಅಡುಗೆಮನೆಯಿಂದ ಕೊಡ, ತಪ್ಪಲೆ, ಬೋಗುಣಿ ತಂದು ಕೋಣೆಯಲ್ಲಿ ಅಲ್ಲಲ್ಲಿ ಇಡುತ್ತ ಹೋದಳು. ಮೂರು ವರ್ಷದ ಹಿಂದಿನ ಜಾಗಗಳು ಒಂದೂ ತಪ್ಪಲಿಲ್ಲ. ಮಾರೆಮ್ಮ ತೊಟ್ಟಿಲ ಹಗ್ಗ ಹಿಡಿದು ನೋಡುತ್ತಿದ್ದಳು, ತಡೆಯಲಿಲ್ಲ. ಹದಿನಾಲ್ಕೂ ಇಟ್ಟ ಮೇಲೆ ಯಮನಮ್ಮ ತಾಯಿಯ ಪಕ್ಕ ಕುಳಿತಳು. ಇಬ್ಬರೂ ಪಾತ್ರೆಗಳ ಸದ್ದಿಗೆ ಕಾದರು. ಮೇಲೆ ಮಳೆ, ಹೊರಗೆ ಮಾಳಿಗೆ ಅಂಚಿನ ಕಲ್ಲಿನ ದೋಣಿಯಿಂದ ನೀರು ಧೋ ಎಂದು ಬೀಳುವ ಸದ್ದು. ಪಾತ್ರೆಗಳಲ್ಲಿ ಏನೂ ಇಲ್ಲ.

"ಯವ್ವಾ, ಒಂದರಾಗೂ ಇಲ್ಲ," ಅಂದಳು ಯಮನಮ್ಮ. ನಗಲು ಹೋಗಿ ತಾಯಿಯ ಮುಖ ನೋಡಿ, ಎದ್ದು ಪಾತ್ರೆಗಳನ್ನು ಒಂದೊಂದಾಗಿ ಎತ್ತತೊಡಗಿದಳು.

ಮರುದಿನ ಆರು ಇಪ್ಪತ್ತರ ಬಸ್ಸಿಗೆ ಹೋದಳು. ಚಾಲಕ ಅಂದೂ ತಡಮಾಡಲಿಲ್ಲ.

ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ೧೯೮೮ರ ಮೇ ಕೊನೆಯ ವಾರ ದೇವದುರ್ಗಕ್ಕೆ ಹೋದಾಗ ಹನುಮಂತ್ರಾಯ ಊರಿನಲ್ಲಿದ್ದ, ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದ. ಮಾರೆಮ್ಮನ ಕೂದಲು ಅರ್ಧ ಬೆಳ್ಳಗಾಗಿತ್ತು. ಶಕ್ತಿನಗರದಲ್ಲಿ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಬೇಸಿಗೆ ರಜೆಯಲ್ಲಿ ಒಂದು ವಾರ ಬಂದು ಹೋಗುತ್ತಾರೆ ಎಂದಳು. ಬೇಸಿಗೆಯಲ್ಲಿ ಮಳೆ ಇರುವುದಿಲ್ಲ.

ಪೀರಾ ಸಾಬ್ ಅಂದೂ ಬಂದಿದ್ದ, ಕರೆಯದೆಯೇ. ಈಗ ಏಣಿ ಹತ್ತಲು ಆಗುತ್ತಿರಲಿಲ್ಲ. ಮೇಲೆ ಆಳುಗಳು ಸವುಳು ಹರಡುತ್ತಿದ್ದರೆ, ಅವನು ಕೆಳಗೆ ಆ ಕೋಣೆಯಲ್ಲಿ ಕುಳಿತು ಬಡಿತದ ಸದ್ದಿನಿಂದಲೇ ಎಲ್ಲಿ ಮಣ್ಣು ತೆಳುವಾಯಿತು ಎಂದು ಕೂಗಿ ಹೇಳುತ್ತಿದ್ದ. ಎಣ್ಣೆ ಸವರಿದ ಕೊಂಡಿ ಅವನ ತಲೆಯ ಮೇಲೆ ಹೊಳೆಯುತ್ತಿತ್ತು.

"ನೋಡ್ರಿ ಮಾಸ್ತರ್ ಸಾಬ್," ಅಂದ ನನ್ನನ್ನು ಕಂಡು. "ಆರು ಮಳಿಗಾಲ. ಒಂದು ಹನಿ ಬಿದ್ದಿಲ್ಲ. ಆ ಕಂಪನಿಯಾಂವ ಬೋರ್ಡು ಕಿತ್ಕೊಂಡು ಹೋಗಿ ನಾಕು ವರ್ಷ ಆತಂತ." ಆಮೇಲೆ ಬಾಗಿಲ ಕಡೆ ತಿರುಗಿದ. "ಮಾರೆವ್ವಾ, ಅವತ್ತು ಕಟ್ಟಿ ಮ್ಯಾಲ ಕುಂತು ನನ್ನ ಕಡಿಂದ ಎಷ್ಟು ಕೇಳಿದ್ದಿ ನೀನು? ನನಗ ಮರತದ."

ಬಾಗಿಲಲ್ಲಿ ನಿಂತಿದ್ದ ಮಾರೆಮ್ಮ ಕೊಂಡಿಯನ್ನು ನೋಡಿದಳು. ಮರೆತಿರಲಿಲ್ಲ.

"ತೊಂಬತ್ತು ದಿನ."